ದೇವರಿದ್ದಾನೆಯೇ? ಊರ ಗ್ರಂಥಾಲಯದಲ್ಲಿ ಒಂದು ಸಂಜೆ ವಾದ ನಡೆಸುವ ಕ್ರಮ

ಕಾಸರಗೋಡಿನ ಕಡೆಯವರಿಗೆ ವಾದ ಕೇಳುವ ತಾಳ್ಮೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಆಟಿ ತಿಂಗಳ ಮಳೆಯಲ್ಲಿ ಚಾವಡಿ ತುಂಬ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟವನು ಧರ್ಮಾತ್ಮ ಹೇಗಾದ ಎಂದು ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಪ್ರಸಂಗದ) ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ತಾಸುಗಟ್ಟಲೆ ಕೇಳಿದ ಜನ ನಾವು. ವಾಲಿಯ ಅರ್ಥ ಹೇಳುವವರು ಮನೆಯಲ್ಲಿ ನಿತ್ಯ ಪೂಜೆ ಬಿಡದ ಭಟ್ರೇ ಇರಬಹುದು. ಅದರಿಂದ ಯಾರ ಭಕ್ತಿಗೂ ಪೆಟ್ಟು ಬಿದ್ದದ್ದಿಲ್ಲ. ಅದೇ ಪ್ರಶ್ನೆಯನ್ನು ಗ್ರಂಥಾಲಯದ ಜಗಲಿಯಲ್ಲಿ ನೇರವಾಗಿ ಎತ್ತಿ ನೋಡಿ. ಹತ್ತು ನಿಮಿಷದಲ್ಲಿ ಒಬ್ಬ "ಸಯನ್ಸ್ ಓದಿ" ಅನ್ನುತ್ತಾನೆ, ಇನ್ನೊಬ್ಬ "ನಿನ್ನ ಅಪ್ಪ ಯಾರೆಂದು ನಂಬಿದ್ದು ಯಾವ ಪುರಾವೆಯಿಂದ" ಅನ್ನುತ್ತಾನೆ, ಮೂರನೆಯವನು ಚಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಾನೆ.

ತಾಳಮದ್ದಳೆಗೆ ಕಟ್ಟುಪಾಡು ಇದೆ. ಪ್ರಸಂಗ ಮೊದಲೇ ಗೊತ್ತು, ಯಾರದು ಯಾವ ಪಾತ್ರ ಎಂದು ಗೊತ್ತು, ಮಾತು ಲಂಗುಲಗಾಮಿಲ್ಲದೆ ಓಡಿದರೆ ಪದ ಎತ್ತುವುದಕ್ಕೆ ಭಾಗವತರಿದ್ದಾರೆ. ಜಗಲಿ ಜಗಳಕ್ಕೆ ಇವು ಮೂರೂ ಇಲ್ಲ. ದೇವರ ಅಸ್ತಿತ್ವದ ಬಗ್ಗೆ ನಿಮ್ಮ ಊರಲ್ಲಿ ಒಂದು ಸಂಜೆ ಮಾನದ ಚರ್ಚೆ ನಡೆಸಬೇಕೆಂದಿದ್ದರೆ ಆ ಕಟ್ಟುಪಾಡನ್ನು ಹೇಗೆ ಕಟ್ಟುವುದು, ಎರಡೂ ಕಡೆಯವರು ಯಾವ ವಾದಗಳನ್ನು ತಯಾರಿ ಮಾಡಿ ಬರಬೇಕು, ಎಲ್ಲಿ ಜಾರುತ್ತಾರೆ ಎಂಬುದು ಈ ಬರಹದ ವಿಷಯ.

ಮೊದಲ ಹೆಜ್ಜೆ: ಯಾತಕ್ಕಾಗಿ ಕೂರುತ್ತೀರಿ ಎಂದು ತೀರ್ಮಾನಿಸಿ

ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಪ್ರಮಾಣ, ತರ್ಕಗಳಿಂದ ಸತ್ಯ ತಿಳಿಯಲೆಂದು ಇಬ್ಬರು ಕೂತು ಮಾತಾಡಿದರೆ ಅದು ವಾದ. ಗೆಲ್ಲಲೆಂದೇ, ಮಾತಿನ ಮೋಸವನ್ನೂ ಬಳಸಿ ಹೋರಾಡಿದರೆ ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನದ್ದನ್ನು ಕೆಡಹುವುದಷ್ಟೇ ಉದ್ದೇಶವಾದರೆ ವಿತಂಡ. ಊರಿನ ಚರ್ಚೆಗಳಲ್ಲಿ ಆಸ್ತಿಕರು ಸಾಮಾನ್ಯವಾಗಿ ಜಲ್ಪಕ್ಕೆ ಇಳಿಯುತ್ತಾರೆ, ನಾಸ್ತಿಕರು ವಿತಂಡಕ್ಕೆ. ಎರಡನ್ನೂ ಮೊದಲೇ ಬಾಗಿಲಲ್ಲಿ ತಡೆಯಬೇಕು.

ಇದನ್ನು ಹೇಳಲು ನಮ್ಮ ಕಡೆ ಒಂದು ಒಳ್ಳೆಯ ಸಾಲು ಇದೆ. 1924ರಲ್ಲಿ ಆಲುವಾದಲ್ಲಿ ಶ್ರೀ ನಾರಾಯಣ ಗುರುಗಳು ಸರ್ವಧರ್ಮ ಸಮ್ಮೇಳನ ನಡೆಸಿದಾಗ, ಇದು ವಾದಿಸಿ ಗೆಲ್ಲುವುದಕ್ಕಲ್ಲ, ತಿಳಿಯುವುದಕ್ಕೆ ಮತ್ತು ತಿಳಿಸುವುದಕ್ಕೆ ಎಂದು ಫಲಕ ಹಾಕಿಸಿದ್ದರು. ಮಲಯಾಳ ಶಾಲೆಯಲ್ಲಿ ಓದಿದವರಿಗೆ ಇದು ಬಾಯಿಪಾಠ. ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಅದಕ್ಕೆ ಯಾರೂ ಎದುರು ಹೇಳುವುದಿಲ್ಲ. ಗುರುಗಳ ಮಾತು ಎಂಬುದು ಅರ್ಧ ಕೆಲಸ ಮಾಡುತ್ತದೆ.

ಎರಡನೆಯ ಹೆಜ್ಜೆ: ಯಾವ ದೇವರು ಎಂದು ಬೋರ್ಡಿನ ಮೇಲೆ ಬರೆಯಿರಿ

ಈ ಹೆಜ್ಜೆಯನ್ನು ಹಾರಿದವರ ಸಂಜೆ ಪೂರ್ತಿ ಹಾಳು. ಏಕೆಂದರೆ ನಮ್ಮ ಒಂದೇ ಪಂಚಾಯತಿನೊಳಗೆ ಬೇರೆಬೇರೆ ಪ್ರತಿಪಾದನೆಗಳಿವೆ. ಮಸೀದಿಯ ಉಸ್ತಾದರು ಹೇಳುವ ಅಲ್ಲಾಹನು ಶೂನ್ಯದಿಂದ ಜಗತ್ತನ್ನು ಸೃಷ್ಟಿಸಿದವನು. ಬೇಳದ ಇಗರ್ಜಿಯ ಕ್ರೈಸ್ತರೂ ಅದನ್ನು ಒಪ್ಪುತ್ತಾರೆ. ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ಈಶ್ವರ ಹಾಗಲ್ಲ. ಮೊದಲೇ ಇದ್ದ ಪರಮಾಣುಗಳನ್ನು ಜೋಡಿಸಿದ ಕರ್ತೃ ಅವನು. ಅದ್ವೈತಿಯ ನಿರ್ಗುಣ ಬ್ರಹ್ಮ ಕೊನೆಯ ಲೆಕ್ಕದಲ್ಲಿ ಯಾರನ್ನೂ ಸೃಷ್ಟಿಸಲೇ ಇಲ್ಲ. ಜೈನರು ತೀರ್ಥಂಕರರನ್ನು ಪೂಜಿಸುತ್ತಾರೆ, ಆದರೆ ಜಗತ್ಕರ್ತನನ್ನು ಒಪ್ಪುವುದಿಲ್ಲ. ಇನ್ನು ಪಂಜುರ್ಲಿ, ವಿಷ್ಣುಮೂರ್ತಿಯಂಥ ದೈವಗಳು: ಅವು ನಮ್ಮ ಊರಿನ, ಗುತ್ತಿನ (ಹಳೆಯ ದೊಡ್ಡ ಮನೆತನದ), ಕುಟುಂಬದ ಕಾವಲಿಗೆ ನಿಂತವು. ಬ್ರಹ್ಮಾಂಡ ಯಾಕಿದೆ ಎಂಬ ಪ್ರಶ್ನೆಗೆ ಉತ್ತರವಾಗಿ ಅವನ್ನು ಯಾರೂ ನಂಬಿಲ್ಲ. ಪಾಡ್ದನ ಎಂಬ ತುಳು ಕಥನಹಾಡಿನಲ್ಲಿ ಹುಟ್ಟು, ಬರವು, ಜಗಳ, ಒಪ್ಪಂದ ಎಲ್ಲ ಉಳ್ಳ ಪಂಜುರ್ಲಿಯ ಮೇಲೆ ಸರ್ವಶಕ್ತನ ವಿರುದ್ಧದ ವಾದವನ್ನು ಹೂಡಿದರೆ ಅದು ತಾಗುವುದೇ ಇಲ್ಲ.

ಆದ್ದರಿಂದ ಒಂದು ಸಂಜೆಗೆ ಒಂದೇ ವಾಕ್ಯ. ಮೊದಲ ಸಲಕ್ಕೆ ನಾನು ಸೂಚಿಸುವ ವಾಕ್ಯ ಇದು: "ಸರ್ವಜ್ಞನೂ ಸರ್ವಶಕ್ತನೂ ಒಳ್ಳೆಯವನೂ ಆದ ಒಬ್ಬ ಕರ್ತೃ ಈ ಜಗತ್ತಿಗೆ ಇದ್ದಾನೆ." ಇದರಲ್ಲಿ ನಾಲ್ಕು ಮಾತುಗಳಿವೆ. ಕರ್ತೃ, ಸರ್ವಜ್ಞ, ಸರ್ವಶಕ್ತ, ಒಳ್ಳೆಯವ. ನಾಲ್ಕನ್ನೂ ಬೇರೆಬೇರೆ ಬಣ್ಣದ ಚಾಕಿನಲ್ಲಿ ಬರೆದರೆ ಮುಂದೆ ಯಾವ ವಾದ ಯಾವ ಮಾತನ್ನು ಮುಟ್ಟುತ್ತದೆ ಎಂದು ತೋರಿಸಲು ಸುಲಭ.

ಎಂಟು ಗಂಟೆಯ ಹೊತ್ತಿಗೆ ಯಾರಾದರೊಬ್ಬರು "ದೇವರು ಅಂದರೆ ಒಂದು ಶಕ್ತಿ ಅಷ್ಟೇ" ಎಂದು ಹಿಂದೆ ಸರಿಯುವುದು ಖಂಡಿತ. ಶಕ್ತಿ ಇದೆ ಎಂದರೆ ಯಾವ ನಾಸ್ತಿಕನೂ ಇಲ್ಲ ಎನ್ನುವುದಿಲ್ಲ, ಕರೆಂಟೂ ಶಕ್ತಿಯೇ. ಅವರಿಗೆ ಮರ್ಯಾದೆಯಿಂದ ಹೇಳಬೇಕು: ಮಾಷ್ಟ್ರೇ, ಅದು ಬೇರೆ ಪ್ರತಿಜ್ಞೆ, ಅಂದರೆ ಬೇರೆ ಪ್ರತಿಪಾದನೆ, ಅದಕ್ಕೆ ಬೇರೆ ಸಂಜೆ ಇಡುವ.

ಮೂರನೆಯ ಹೆಜ್ಜೆ: ಪಾತ್ರ ಹಂಚುವುದು

ಪ್ರತಿ ಕಡೆಗೆ ಇಬ್ಬರು, ಒಬ್ಬ ಮಧ್ಯಸ್ಥ, ಗಡಿಯಾರ ನೋಡಲು ಒಬ್ಬ. ಇಷ್ಟು ಸಾಕು. ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಇಡೀ ಕ್ರಮದ ಜೀವ ಇರುವುದು ಇಲ್ಲಿ, ಇದನ್ನು ಬಿಟ್ಟುಕೊಡಬೇಡಿ. ನಂಬುವವನ ಪಾಲಿಗೆ "ಇಲ್ಲ" ಬರಲಿ, ನಂಬದವನ ಪಾಲಿಗೆ "ಇದ್ದಾನೆ" ಬರಲಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಈಗಲೂ ಅದರ ಸುದ್ದಿ ಹೇಳುತ್ತಾರೆ. ರಾಮನ ಎದುರು ವಾಲಿಯ ಪಕ್ಷಕ್ಕೆ ಎಷ್ಟು ಬಲವಿದೆ ಎಂದು ಪೂರ್ತಿ ಎತ್ತಿ ತೋರಿಸುವುದು ಅರ್ಥಧಾರಿಯ ಕರ್ತವ್ಯ, ಅವನ ಸ್ವಂತ ನಂಬಿಕೆಯ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇವತ್ತು ವಾಲಿ ಹೇಳಿದವರು ನಾಳೆ ರಾಮ ಹೇಳುತ್ತಾರೆ. ಈ ರೂಢಿ ಇರುವ ನೆಲದಲ್ಲಿ ಚೀಟಿ ಎತ್ತುವ ಕ್ರಮಕ್ಕೆ ವಿವರಣೆ ಕೊಡಬೇಕಾದ ಕಷ್ಟವೂ ಇಲ್ಲ.

ಇನ್ನೊಂದು ನಿಯಮ ಪೂರ್ವಪಕ್ಷದ್ದು. ಉತ್ತರ ಕೊಡುವ ಮೊದಲು ಎದುರಿನವರ ವಾದವನ್ನು ನೀವು ನಿಮ್ಮ ಮಾತಿನಲ್ಲಿ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಅದೇ" ಎನ್ನುವ ತನಕ ನಿಮ್ಮ ಸರದಿ ಶುರುವಾಗುವುದಿಲ್ಲ. ನಮ್ಮ ಶಾಸ್ತ್ರಗ್ರಂಥಗಳೆಲ್ಲ ಹೀಗೇ ನಡೆಯುತ್ತವೆ. ವೇದವನ್ನೂ ದೇವರನ್ನೂ ಒಪ್ಪದ ಚಾರ್ವಾಕರ ಸ್ವಂತ ಗ್ರಂಥಗಳು ಹೆಚ್ಚಿನವು ನಷ್ಟವಾದರೂ ಅವರು ಏನೆನ್ನುತ್ತಿದ್ದರು ಎಂದು ಇಂದಿಗೂ ತಿಳಿಯುವುದು ಅವರನ್ನು ಖಂಡಿಸಿದವರು ಬರೆದಿಟ್ಟ ಪೂರ್ವಪಕ್ಷಗಳಿಂದ. 13ನೆಯ ಶತಮಾನದಲ್ಲಿ ಕುಂಬಳೆಯ ಜಯಸಿಂಹ ಅರಸನ ಸೀಮೆಯಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ದಿನಗಟ್ಟಲೆ ವಾದ ನಡೆದ ಕಥೆಯನ್ನು ಸುಮಧ್ವವಿಜಯ ಹೇಳುತ್ತದೆ. ಅದು ದೇವರಿದ್ದಾನೆಯೇ ಎಂಬ ವಾದವಾಗಿರಲಿಲ್ಲ, ವೇದವನ್ನು ಒಪ್ಪಿದ ಇಬ್ಬರ ನಡುವಿನದು. ಆದರೂ ಸೋತವರು ಶಿಷ್ಯರಾಗಿ ಗೆದ್ದವರ ಗ್ರಂಥಕ್ಕೆ ಟೀಕೆ ಬರೆದರು ಎಂಬುದನ್ನು ಸಭೆಯಲ್ಲಿ ನೆನಪಿಸಬಹುದು.

ನಾಲ್ಕನೆಯ ಹೆಜ್ಜೆ: "ಇದ್ದಾನೆ" ಎನ್ನುವವರ ತಯಾರಿ

ಎಲ್ಲ ವಾದಗಳನ್ನೂ ಎತ್ತಬೇಡಿ. ಎರಡನ್ನು ಚೆನ್ನಾಗಿ ಎತ್ತಿದರೆ ಸಾಕು.

ಒಂದನೆಯದು ಕಾರ್ಯಹೇತು. 10–11ನೆಯ ಶತಮಾನದ ಮಿಥಿಲೆಯ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಈಶ್ವರಸಾಧನೆಗೆ ಹೂಡಿದ ಹೇತುಗಳಲ್ಲಿ ಮೊದಲನೆಯದು. ಅದನ್ನು ಐದು ಅವಯವಗಳಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಭೂಮಿ ಮೊದಲಾದವಕ್ಕೆ ಒಬ್ಬ ಕರ್ತೃ ಇದ್ದಾನೆ, ಇದು ಪ್ರತಿಜ್ಞೆ. ಏಕೆಂದರೆ ಅವು ಕಾರ್ಯಗಳು, ಅಂದರೆ ಉಂಟಾದವು, ಇದು ಹೇತು. ಯಾವುದು ಕಾರ್ಯವೋ ಅದಕ್ಕೆ ಕರ್ತೃ ಇರುತ್ತಾನೆ, ಗಡಿಗೆಗೆ ಕುಂಬಾರನಿದ್ದಂತೆ, ಇದು ಉದಾಹರಣೆ. ಭೂಮಿಯೂ ಹಾಗೆ ಉಂಟಾದದ್ದು, ಇದು ಉಪನಯ. ಆದ್ದರಿಂದ ಅದಕ್ಕೂ ಕರ್ತೃ ಇದ್ದಾನೆ, ಇದು ನಿಗಮನ. ಹೀಗೆ ಬರೆದ ಕೂಡಲೇ ಎದುರಿನವರಿಗೆ ಎಲ್ಲಿ ಕೈ ಹಾಕಬೇಕೆಂದು ಕಾಣುತ್ತದೆ, ಅದೇ ಇದರ ಲಾಭ.

ಎದುರಿನವರು ಹಾಕುವ ಕೈ ಬಹಳ ಹಳೆಯದು, ಮತ್ತು ಅದನ್ನು ಹಾಕಿದವರಲ್ಲಿ ವೇದ ಒಪ್ಪಿದವರೇ ಇದ್ದಾರೆ. ಏಳನೆಯ ಶತಮಾನದ ಮೀಮಾಂಸಕ (ವೇದದ ಕರ್ಮಭಾಗವನ್ನು ವಿಚಾರಿಸುವ ದರ್ಶನದವರು) ಕುಮಾರಿಲ ಭಟ್ಟರು ಕೇಳಿದರು: ಕುಂಬಾರನಿಗೆ ಶರೀರ ಇದೆ, ನಿಮ್ಮ ಕರ್ತೃವಿಗೆ ಇದೆಯೇ? ಇದ್ದರೆ ಆ ಶರೀರವನ್ನು ಮಾಡಿದವರು ಯಾರು? ಕರುಣೆಯಿಂದ ಸೃಷ್ಟಿಸಿದ ಎಂದರೆ, ಸೃಷ್ಟಿಗೆ ಮೊದಲು ಕರುಣೆ ತೋರಲು ಯಾರಿದ್ದರು? ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಇನ್ನೂ ಚೂಪಾಗಿ ಕೇಳಿದ್ದಾರೆ, ಜಗತ್ತಿಲ್ಲದಾಗ ದೇವರು ಎಲ್ಲಿದ್ದ, ಸಾಮಗ್ರಿ ಎಲ್ಲಿಂದ ತಂದ, ಪೂರ್ಣನಾದವನಿಗೆ ಸೃಷ್ಟಿಸುವ ಬಯಕೆ ಯಾಕೆ ಎಂದು. ಪಂಪ 941ರಲ್ಲಿ ಕನ್ನಡಕ್ಕೆ ತಂದ ಆದಿಪುರಾಣದ ಮೂಲ ಇದೇ ಜಿನಸೇನರದ್ದು. ನಾಸ್ತಿಕವಾದ ಪಶ್ಚಿಮದಿಂದ ಬಂದ ಸರಕು ಎಂದು ಯಾರಾದರೂ ಎದ್ದರೆ ಈ ಎರಡು ಹೆಸರು ಹೇಳಿ ಕೂರಿಸಬಹುದು.

ಮತ್ತೊಂದು ಆಕ್ಷೇಪ: ಬೆಟ್ಟದ ಮೇಲೆ ಯಾರೂ ಬಿತ್ತದೆ ಹುಲ್ಲು ಮೊಳೆಯುತ್ತದೆ. ಕಾರ್ಯ ಇದೆ, ಕರ್ತೃ ಕಾಣುವುದಿಲ್ಲ. ಹೇತು ಸವ್ಯಭಿಚಾರ, ಅಂದರೆ ಎಲ್ಲ ಕಡೆ ನಿಲ್ಲದ್ದು, ಆಯಿತಲ್ಲ? ನೈಯಾಯಿಕರ ಉತ್ತರ, ಆ ಹುಲ್ಲಿಗೂ ಕರ್ತೃ ಇದ್ದಾನೆಯೇ ಎಂಬುದೇ ಈಗ ಚರ್ಚೆಯಲ್ಲಿರುವ ವಿಷಯ, ಚರ್ಚೆಯಲ್ಲಿರುವುದನ್ನೇ ತೆಗೆದು ನನ್ನ ವಿರುದ್ಧ ಸಾಕ್ಷಿ ಮಾಡಬೇಡಿ ಎಂದು. ಈ ಉತ್ತರ ಜಾಣತನವೋ ನ್ಯಾಯವೋ ಎಂದು ಸಭೆಗೆ ಬಿಟ್ಟು ಐದು ನಿಮಿಷ ಸುಮ್ಮನಿರಿ. ಕಾಲೇಜು ಮಕ್ಕಳು ಬಾಯಿ ಬಿಡುವುದು ಇಲ್ಲೇ.

ಇದೇ ವಾದದ ತಮ್ಮನಂತಿರುವುದು ಇಸ್ಲಾಮಿನ ತತ್ತ್ವವಿಚಾರದ ಕಲಾಂ ವಾದ. ಶುರುವಾದ ಪ್ರತಿಯೊಂದಕ್ಕೂ ಕಾರಣ ಇದೆ, ಜಗತ್ತು ಶುರುವಾಗಿದೆ, ಆದ್ದರಿಂದ ಅದಕ್ಕೂ ಕಾರಣ ಇದೆ. 1111ರಲ್ಲಿ ತೀರಿಹೋದ ಅಲ್ ಗಝಾಲಿ ಇದನ್ನು ಗಟ್ಟಿಯಾಗಿ ಕಟ್ಟಿದರು. ಗಝಾಲಿಯ ಪುಸ್ತಕಕ್ಕೆ ಇಬ್ನ್ ರುಶ್ದ್ ಎದುರು ಪುಸ್ತಕವನ್ನೇ ಬರೆದರು. ಮಸೀದಿಯ ದರ್ಸಿನಲ್ಲಿ (ಧರ್ಮಪಾಠದಲ್ಲಿ) ಓದಿದವರು ಊರಲ್ಲಿದ್ದರೆ ಈ ಭಾಗವನ್ನು ಅವರಿಂದಲೇ ಹೇಳಿಸಿ. ಇಲ್ಲಿ ಮಹಾಸ್ಫೋಟವನ್ನು ಎಳೆದು ತರುವುದು ಈಗಿನ ಅಭ್ಯಾಸ. ತರಲಿ, ಆದರೆ ಎಚ್ಚರ ಬೇಕು. ಆ ಸಿದ್ಧಾಂತದ ಮೊದಲ ರೂಪ ಕೊಟ್ಟ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ತನ್ನ ಸಿದ್ಧಾಂತವನ್ನು ದೇವರಿಗೆ ಪುರಾವೆಯಾಗಿ ಬಳಸುವುದು ಅವರಿಗೇ ಒಪ್ಪಿಗೆ ಇರಲಿಲ್ಲ.

ಎರಡನೆಯದು ರಚನೆಯ ವಾದ. 1802ರಲ್ಲಿ ವಿಲಿಯಂ ಪೇಲಿ ಬಯಲಲ್ಲಿ ಬಿದ್ದ ಗಡಿಯಾರದ ಉದಾಹರಣೆ ಕೊಟ್ಟ. ನಮಗೆ ಗಡಿಯಾರ ಬೇಡ, ಸುರಂಗ ಸಾಕು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಆಳು ನಿಂತು ಹೋಗುವಷ್ಟು ಎತ್ತರಕ್ಕೆ ಕೊರೆದ ಬಿಲ. ನೀರು ತೋಟದ ಕಡೆಗೆ ತಾನಾಗಿ ಹರಿಯುವಂತೆ ಇಳಿಜಾರು. ಗೋಡೆಯಲ್ಲಿ ಪಿಕ್ಕಾಸಿನ ಗುರುತು. ಅದನ್ನು ಕಂಡವರು ಯಾರೋ ಕೊರೆದಿದ್ದಾರೆ ಎಂದೇ ಹೇಳುತ್ತಾರೆ. ಕಣ್ಣಿನ, ಕಿವಿಯ, ಎಲೆಯ ರಚನೆ ಅದಕ್ಕಿಂತ ಎಷ್ಟೋ ಸೂಕ್ಷ್ಮ, ಅದಕ್ಕೆ ಕರ್ತೃ ಬೇಡವೇ ಎಂಬುದು ವಾದ. ಎದುರಿನ ಮಾತು: ಅದೇ ಮುರಕಲ್ಲಿನೊಳಗೆ ಮಳೆನೀರು ಮಣ್ಣು ಕೊಚ್ಚಿ ಮಾಡಿದ ಮಾಟೆಗಳೂ ಇವೆ. ಅವೂ ನೀರು ಸಾಗಿಸುತ್ತವೆ, ಯಾರೂ ಕೊರೆದದ್ದಲ್ಲ. ಸುರಂಗಕ್ಕೂ ಮಾಟೆಗೂ ವ್ಯತ್ಯಾಸ ನಮಗೆ ತಿಳಿಯುವುದು ಸುರಂಗ ಕೊರೆಯುವವರನ್ನು ಮೊದಲು ಕಂಡಿರುವುದರಿಂದ. ಜಗತ್ತು ಕೊರೆಯುವವರನ್ನು ಕಂಡವರು ಯಾರು? ಡೇವಿಡ್ ಹ್ಯೂಮ್ ಸತ್ತ ಮೇಲೆ 1779ರಲ್ಲಿ ಅಚ್ಚಾದ ಅವನ ಸಂವಾದಗಳಲ್ಲಿ ಈ ಆಕ್ಷೇಪ ಇದೆ, ಅಂದರೆ ಪೇಲಿಗಿಂತ ಮೊದಲೇ. 1859ರಲ್ಲಿ ಡಾರ್ವಿನ್ ಬಂದ ಮೇಲೆ ಜೀವಿಗಳ ರಚನೆಗೆ ಕರ್ತೃವಿಲ್ಲದ ವಿವರಣೆಯೂ ಸಿಕ್ಕಿತು.

ಹಾಗಾಗಿ ಈ ವಾದ ಹಿಡಿಯುವವರು ಕಣ್ಣು, ಕಿವಿ ಬಿಟ್ಟು ಭೌತನಿಯಮಗಳ ಕಡೆ ಹೋಗುವುದು ಜಾಣತನ. ಗುರುತ್ವದಂಥ ಬಲಗಳ ಪ್ರಮಾಣ ಸ್ವಲ್ಪ ಆಚೀಚೆ ಆಗಿದ್ದರೂ ನಕ್ಷತ್ರಗಳೇ ಆಗುತ್ತಿರಲಿಲ್ಲ ಎಂಬ ಮಾತಿಗೆ ಡಾರ್ವಿನ್ ಉತ್ತರ ಕೊಡುವುದಿಲ್ಲ. ಎದುರಿನವರು ಬಹುವಿಶ್ವಗಳನ್ನು ತರುತ್ತಾರೆ. ಆಗ ಕೇಳಬೇಕಾದ್ದು, ಕಾಣದ ಒಬ್ಬ ದೇವರ ಬದಲು ಕಾಣದ ಅಸಂಖ್ಯ ವಿಶ್ವಗಳನ್ನು ಒಪ್ಪುವುದರಲ್ಲಿ ಲಾಘವ, ಅಂದರೆ ಊಹೆಯ ಉಳಿತಾಯ, ಎಲ್ಲಿದೆ ಎಂದು. ನನ್ನ ಲೆಕ್ಕದಲ್ಲಿ ಇವತ್ತು ಆಸ್ತಿಕರ ಕೈಯಲ್ಲಿರುವ ಅತ್ಯಂತ ಬಲದ ವಾದ ಇದು. ಆದರೆ ಬೋರ್ಡಿನ ಕಡೆ ಕೈ ತೋರಿಸಿ: ಇದು ಗೆದ್ದರೂ "ಕರ್ತೃ" ಎಂಬ ಒಂದು ಮಾತು ಗೆದ್ದಿತು. "ಒಳ್ಳೆಯವ" ಎಂಬುದಕ್ಕೆ ಬೇರೆ ದಾರಿ ಹುಡುಕಬೇಕು.

ಉಳಿದವನ್ನು ಬೇಗ ಮುಗಿಸಿ. "ಅತ್ಯಂತ ಪೂರ್ಣವಾದ ವಸ್ತುವಿಗೆ ಇರವು ಇಲ್ಲದೆ ಹೋದರೆ ಅದು ಪೂರ್ಣವೇ ಅಲ್ಲ, ಆದ್ದರಿಂದ ಇದೆ" ಎಂಬ ಆನ್ಸೆಲ್ಮನ ವಾದ ತರ್ಕದ ವಿದ್ಯಾರ್ಥಿಗಳಿಗೆ ರುಚಿ, ಊರ ಸಭೆಯಲ್ಲಿ ನಿದ್ದೆ ತರಿಸುತ್ತದೆ. ಪಾಸ್ಕಲನ ಪಣ, ಅಂದರೆ ನಂಬಿದರೆ ಲಾಭ, ನಂಬದಿದ್ದರೆ ನಷ್ಟದ ಭಯ ಎಂಬುದು, ದೇವರಿದ್ದಾನೆಂದು ತೋರಿಸುವುದಿಲ್ಲ. ಯಾವ ದೇವರ ಮೇಲೆ ಪಣ ಕಟ್ಟುವುದೆಂದೂ ಹೇಳುವುದಿಲ್ಲ. ಅನುಭವದ ವಾದ ಮಾತ್ರ ನಮ್ಮ ಕಡೆ ಬಂದೇ ಬರುತ್ತದೆ, ಕೋಲದ ದರ್ಶನ ಕಂಡವರಿಗೆ ಅದು ಸಣ್ಣ ವಿಷಯವಲ್ಲ. ಅನುಭವ ಸುಳ್ಳೆಂದು ಹೇಳಹೋಗಬೇಡಿ. ಅನುಭವದಿಂದ ಬೋರ್ಡಿನ ಮೇಲಿನ ವಾಕ್ಯಕ್ಕೆ ಹೋಗುವ ದಾರಿ ಯಾವುದು ಎಂದಷ್ಟೇ ಕೇಳಿ.

ಐದನೆಯ ಹೆಜ್ಜೆ: "ಇಲ್ಲ" ಎನ್ನುವವರ ತಯಾರಿ

ಇಲ್ಲಿ ಒಂದೇ ವಾದಕ್ಕೆ ಹೆಚ್ಚಿನ ಸಮಯ ಕೊಡಬೇಕು, ಅದು ದುಃಖದ ವಾದ. ದೇವರು ಸರ್ವಶಕ್ತನಾದರೆ ತಡೆಯಬಲ್ಲ, ಒಳ್ಳೆಯವನಾದರೆ ತಡೆಯಬಯಸುತ್ತಾನೆ, ಸರ್ವಜ್ಞನಾದರೆ ಅವನಿಗೆ ಗೊತ್ತಿದೆ. ಆದರೂ ದುಃಖ ಇದೆ.

ಕಾಸರಗೋಡಿನಲ್ಲಿ ಈ ವಾದವನ್ನು ಎತ್ತಿದ ಕ್ಷಣ ಎಲ್ಲರ ಮನಸ್ಸಿಗೂ ಬರುವುದು ಎಂಡೋಸಲ್ಫಾನ್. 1970ರ ದಶಕದ ಕೊನೆಯಿಂದ 2000ದ ತನಕ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿ ಜಗತ್ತಿಗೇ ತಿಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ಮದ್ದನ್ನು ದೇಶದಲ್ಲಿ ತಡೆಹಿಡಿಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಪರಿಹಾರ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಉದಾಹರಣೆ ಇಷ್ಟು ಹತ್ತಿರ ಇರುವಾಗ ಯುರೋಪಿನವರು ಈ ವಾದಕ್ಕೆ ಎತ್ತುವ ಲಿಸ್ಬನ್ನಿನ ಭೂಕಂಪದ ಕಥೆ ಹೇಳುವುದು ಕೃತಕ. ಆದರೆ ಕೆಲವು ಮರ್ಯಾದೆಗಳಿವೆ. ಯಾವ ಮಗುವಿನ ಫೋಟೋವನ್ನೂ ಸಭೆಯಲ್ಲಿ ತೋರಿಸಬೇಡಿ. ಯಾವ ಮನೆಯ ಹೆಸರನ್ನೂ ಎತ್ತಬೇಡಿ. ಆ ಕುಟುಂಬದವರು ಸಭೆಯಲ್ಲಿದ್ದರೆ ಈ ಉದಾಹರಣೆ ಬಳಸಬಹುದೇ ಎಂದು ಮೊದಲೇ ಮನೆಗೆ ಹೋಗಿ ಕೇಳಿ. ಬೇಡ ಅಂದರೆ ಬೇಡ.

ಆಸ್ತಿಕರ ಮೊದಲ ಉತ್ತರ ಸ್ವಾತಂತ್ರ್ಯದ್ದು. ಮದ್ದು ಬಿಟ್ಟವರು ಮನುಷ್ಯರು, ಬಿಡಲು ಹೇಳಿದವರು ಮನುಷ್ಯರು, ದೇವರು ಮನುಷ್ಯನಿಗೆ ಸ್ವತಂತ್ರ ಇಚ್ಛೆ ಕೊಟ್ಟಿದ್ದಾನೆ, ಅದನ್ನು ಕಸಿದುಕೊಂಡರೆ ನಾವು ಗೊಂಬೆಗಳು. 1955ರಲ್ಲಿ ಜೆ. ಎಲ್. ಮ್ಯಾಕಿ ದೇವರೂ ದುಃಖವೂ ಒಟ್ಟಿಗೆ ಇರಲು ತರ್ಕವೇ ಬಿಡುವುದಿಲ್ಲ ಎಂದು ವಾದಿಸಿದಾಗ, 1970ರ ದಶಕದಲ್ಲಿ ಆಲ್ವಿನ್ ಪ್ಲಾಂಟಿಂಗ ಈ ಉತ್ತರವನ್ನು ಎಷ್ಟು ಬಿಗಿಯಾಗಿ ಕಟ್ಟಿದರೆಂದರೆ, ತರ್ಕವಿರೋಧ ಇದೆ ಎಂಬ ಮಾತನ್ನು ಅನೇಕ ನಾಸ್ತಿಕ ತತ್ತ್ವಜ್ಞರೂ ಕೈಬಿಟ್ಟರು. 1979ರಲ್ಲಿ ವಿಲಿಯಂ ರೋ ವಾದವನ್ನು ಬೇರೆ ಕಡೆಯಿಂದ ಎತ್ತಿದ. ವಿರೋಧ ಇಲ್ಲದಿರಬಹುದು, ಆದರೆ ಯಾವ ಒಳಿತಿಗೂ ಬೇಕಿಲ್ಲದಂತೆ ಕಾಣುವ ನೋವು ಇಷ್ಟೊಂದು ಇರುವಾಗ ಅಂಥ ದೇವರು ಇರುವ ಸಂಭವ ಕಡಿಮೆ ಎಂದ. ನಮ್ಮ ಸಭೆಯಲ್ಲಿ ಇದನ್ನೇ ಹೀಗೆ ಕೇಳಬಹುದು: ಮದ್ದು ಬಿಟ್ಟವನ ಸ್ವಾತಂತ್ರ್ಯಕ್ಕೆ ಬೆಲೆ ತೆತ್ತವಳು ಹುಟ್ಟದ ಮಗು. ಒಬ್ಬನ ಇಚ್ಛೆ ಉಳಿಸಲು ಇನ್ನೊಬ್ಬಳ ಕಾಲು, ನಾಲಗೆ ಹೋಗಬೇಕಾದ ಏರ್ಪಾಡು ಒಳ್ಳೆಯವನದ್ದೇ?

ಎರಡನೆಯ ಉತ್ತರ ಕರ್ಮದ್ದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ವೈಷಮ್ಯ, ನೈರ್ಘೃಣ್ಯ ಎಂಬ ಎರಡು ಆರೋಪಗಳನ್ನು ಎತ್ತಿ ಉತ್ತರಿಸಿದ್ದಾರೆ. ಒಬ್ಬರಿಗೆ ಸುಖ, ಒಬ್ಬರಿಗೆ ದುಃಖ ಕೊಟ್ಟ ದೇವರು ಪಕ್ಷಪಾತಿಯೂ ನಿರ್ದಯಿಯೂ ಆಗುವುದಿಲ್ಲವೇ ಎಂಬುದು ಪ್ರಶ್ನೆ. ಇಲ್ಲ, ಅವನು ಜೀವಿಗಳ ಕರ್ಮವನ್ನು ಅನುಸರಿಸಿ ಕೊಡುತ್ತಾನೆ, ಕರ್ಮ ಅನಾದಿ ಎಂಬುದು ಉತ್ತರ. ತರ್ಕವಾಗಿ ಇದು ಗಟ್ಟಿ, ಬುಡದಲ್ಲೇ ಬಿರುಕು ಬಿಡುವುದಿಲ್ಲ. ಆಕ್ಷೇಪಗಳು ಎರಡು. ಕರ್ಮವೇ ಫಲ ಕೊಡುವುದಾದರೆ ನಡುವೆ ದೇವರು ಯಾಕೆ? ಮೀಮಾಂಸಕರು ಅಪೂರ್ವ, ಅಂದರೆ ಕರ್ಮದಿಂದ ಹುಟ್ಟಿ ಫಲದ ತನಕ ಉಳಿಯುವ ಕಾಣದ ಶಕ್ತಿ, ಎಂಬುದರಿಂದ ಕೆಲಸ ಮುಗಿಸುತ್ತಾರೆ, ಜೈನರಿಗೂ ಕರ್ತೃ ಬೇಡ. ಕರ್ಮವನ್ನು ದೇವರು ಮೀರಲಾರನೆಂದರೆ ಬೋರ್ಡಿನ ಮೇಲಿನ "ಸರ್ವಶಕ್ತ" ಎಂಬುದನ್ನು ಅಳಿಸಬೇಕು. ಎರಡನೆಯ ಆಕ್ಷೇಪ ತರ್ಕದ್ದಲ್ಲ. ತೊಟ್ಟಿಲಲ್ಲಿರುವ ಮಗು ಹಿಂದೆ ಏನೋ ಮಾಡಿದೆ ಎಂದು ಅದರ ತಾಯಿಯ ಎದುರು ಹೇಳಲು ಬಾಯಿ ಬರುತ್ತದೆಯೇ? ಬಾಯಿ ಬರುವುದಿಲ್ಲ ಎಂಬುದರಿಂದ ಸಿದ್ಧಾಂತ ಸುಳ್ಳಾಗುವುದಿಲ್ಲ, ಅದನ್ನು ಮಧ್ಯಸ್ಥ ಸ್ಪಷ್ಟಪಡಿಸಬೇಕು. ಆದರೆ ಸಭೆಯಲ್ಲಿ ಈ ಉತ್ತರವನ್ನು ಕರ್ಮಸಿದ್ಧಾಂತವಾಗಿ ಹೇಳಿ, ಪಡ್ರೆಯ ಮಗುವಿಗೆ ಅಂಟಿಸಿ ಹೇಳಬೇಡಿ ಎಂದು ಮೊದಲೇ ತಾಕೀತು ಮಾಡುವುದು ಅಗತ್ಯ.

ಮೂರನೆಯ ಉತ್ತರ, ದೇವರ ಕಾರಣ ನಮಗೆ ತಿಳಿಯದು ಎಂಬುದು. ಕಾರಣ ತಿಳಿಯದ ಕಷ್ಟಗಳಲ್ಲೂ ನಂಬಿಕೆ ಬಿಡದ ಅಯ್ಯೂಬ್ ನಬಿಯ ಕಥೆ ಮುಸ್ಲಿಮರಿಗೂ ಕ್ರೈಸ್ತರಿಗೂ ಗೊತ್ತು, ಹಾಗಾಗಿ ಇದು ಆ ಕಡೆಯಿಂದ ಬರುತ್ತದೆ. ಇದಕ್ಕೆ ಎದುರಿನ ಪ್ರಶ್ನೆ ಚಿಕ್ಕದು: ಅವನ ಕಾರಣಗಳು ನಮಗೆ ತಿಳಿಯವು ಎಂದಾದರೆ ಅವನು ಒಳ್ಳೆಯವನೆಂದು ನಮಗೆ ತಿಳಿದದ್ದು ಹೇಗೆ?

ದುಃಖದ ವಾದ ಎಷ್ಟೇ ಬಲವಾಗಿರಲಿ, ಅದು ಮುಟ್ಟುವುದು ಸರ್ವಶಕ್ತನೂ ಒಳ್ಳೆಯವನೂ ಆದವನನ್ನು ಮಾತ್ರ. ಬರಿಯ ಕರ್ತೃವನ್ನೋ ನಿರ್ಗುಣ ಬ್ರಹ್ಮವನ್ನೋ ಗುತ್ತಿನ ದೈವವನ್ನೋ ಅದು ಅಲುಗಿಸುವುದಿಲ್ಲ. ನಾಸ್ತಿಕರ ಕಡೆ ಕೂತವರು ಇದನ್ನು ತಾವಾಗಿಯೇ ಒಪ್ಪಿಕೊಂಡರೆ ಸಭೆಯಲ್ಲಿ ಅವರ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ವಾದ "ಕಾಣುವುದಿಲ್ಲ, ಆದ್ದರಿಂದ ಇಲ್ಲ" ಎಂಬುದು. ಇದನ್ನು ಹಾಗೇ ಬಿಡಬೇಡಿ, ನಮ್ಮ ತರ್ಕಶಾಸ್ತ್ರ ಇದನ್ನು ಸೋಸಿ ಇಟ್ಟಿದೆ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದರೆ ಮಾತ್ರ ಇಲ್ಲ ಎನ್ನಬಹುದು, ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಮೇಜಿನ ಮೇಲೆ ಆನೆ ಕಾಣದಿದ್ದರೆ ಆನೆ ಇಲ್ಲ. ಪರಮಾಣು ಕಾಣದಿದ್ದರೆ ಪರಮಾಣು ಇಲ್ಲ ಎನ್ನುವಂತಿಲ್ಲ. ಉದಯನರು ನಾಸ್ತಿಕರನ್ನು ತಡೆದದ್ದು ಹೀಗೆ. ಬರ್ಟ್ರಂಡ್ ರಸೆಲ್ ಇದಕ್ಕೆ ಬೇರೆ ದಿಕ್ಕಿನಿಂದ ಬರುತ್ತಾನೆ: ಸೂರ್ಯನ ಸುತ್ತ ದುರ್ಬೀನಿಗೂ ಕಾಣದ ಚಹಾದ ಕೆಟಲ್ ಸುತ್ತುತ್ತಿದೆ ಎಂದು ನಾನು ಹೇಳಿದರೆ, ಇಲ್ಲವೆಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುವುದಿಲ್ಲ. ಇವೆರಡನ್ನು ಎದುರುಬದುರು ನಿಲ್ಲಿಸಿದರೆ ಪ್ರಶ್ನೆ ಸರಿಯಾದ ಜಾಗಕ್ಕೆ ಬರುತ್ತದೆ. ಬೋರ್ಡಿನ ಮೇಲಿರುವ ದೇವರು ಇದ್ದಿದ್ದರೆ ಯಾವ ಗುರುತು ಕಾಣಬೇಕಿತ್ತು?

ಆರನೆಯ ಹೆಜ್ಜೆ: ಮಧ್ಯಸ್ಥ ಎಲ್ಲಿ ಗಂಟೆ ಹೊಡೆಯಬೇಕು

ವಾಟ್ಸಾಪಿನಲ್ಲಿ ಸುತ್ತುವ, ಚಿಕ್ಕ ಹುಡುಗ ಐನ್‌ಸ್ಟೈನ್ ನಾಸ್ತಿಕ ಪ್ರೊಫೆಸರರ ಬಾಯಿ ಮುಚ್ಚಿಸಿದ ಕಥೆ ಬಂದರೆ ಕೂಡಲೇ ನಿಲ್ಲಿಸಿ, ಅದು ಕಟ್ಟುಕಥೆ. ಐನ್‌ಸ್ಟೈನ್ 1929ರಲ್ಲಿ ಹೇಳಿದ್ದು ಸ್ಪಿನೋಜನ ದೇವರನ್ನು, ಅಂದರೆ ಇರುವುದೆಲ್ಲದರ ಕ್ರಮಬದ್ಧ ಸಾಮರಸ್ಯದಲ್ಲಿ ಕಾಣುವವನನ್ನು, ನಂಬುತ್ತೇನೆ, ಮನುಷ್ಯರ ಆಗುಹೋಗುಗಳಲ್ಲಿ ಕೈಹಾಕುವ ದೇವರನ್ನಲ್ಲ ಎಂದು. ಅದೂ ಆಪ್ತವಾಕ್ಯವಾಗುವುದಿಲ್ಲ, ಭೌತಶಾಸ್ತ್ರ ಬಲ್ಲವರೆಂದು ಈ ವಿಷಯದಲ್ಲಿ ಯಾರ ಮಾತೂ ಪ್ರಮಾಣವಲ್ಲ.

ಪವಾಡದ ಚರ್ಚೆಗೂ ಗಂಟೆ. ಯುಕ್ತಿವಾದಿ ಗೆಳೆಯರಿಗೆ ಇದು ಕಹಿಯಾಗಬಹುದು. ತಿರುವಲ್ಲದಲ್ಲಿ ಹುಟ್ಟಿ ಶ್ರೀಲಂಕೆಯಲ್ಲಿ ನೆಲೆಸಿದ ಅಬ್ರಹಾಂ ಕೋವೂರ್, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ತನಿಖೆಗೆ ಸಮಿತಿ ಕಟ್ಟಿದ ಎಚ್. ನರಸಿಂಹಯ್ಯ, ಇವರೆಲ್ಲ ಮಾಡಿದ ಕೆಲಸಕ್ಕೆ ಬೆಲೆ ಇದೆ. ಆದರೆ ಬೂದಿ ಕೈಚಳಕದಿಂದ ಬಂತೆಂದು ತೋರಿಸಿದರೆ ಮೋಸಗಾರ ಸಿಕ್ಕಿಬಿದ್ದ, ಅಷ್ಟೇ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯ ಎಂಬ ಮೊಸಳೆ ನೈವೇದ್ಯ ಬಿಟ್ಟು ಮೀನು ತಿನ್ನುತ್ತಿತ್ತೋ ಇಲ್ಲವೋ ಎಂಬುದರಿಂದಲೂ ಜಗತ್ಕರ್ತನ ಪ್ರಶ್ನೆ ತೀರುವುದಿಲ್ಲ.

"ನೀವು ನಮ್ಮ ದೇವರನ್ನು ಮಾತ್ರ ಕೇಳುತ್ತೀರಿ, ಅವರದ್ದನ್ನು ಕೇಳಲು ಧೈರ್ಯ ಇದೆಯೇ" ಎಂಬ ಮಾತು ಒಮ್ಮೆ ಬಂದರೆ ಎಚ್ಚರಿಕೆ, ಎರಡನೆಯ ಸಲ ಮೈಕು ಬಂದ್. ಮತದ ಚರಿತ್ರೆ, ಯುದ್ಧ, ಜಾತಿ, ಎಷ್ಟು ಜನ ನಂಬುತ್ತಾರೆ ಎಂಬ ಲೆಕ್ಕ, ಇವೆಲ್ಲ ಮುಖ್ಯ ವಿಷಯಗಳೇ. ಬೋರ್ಡಿನ ಮೇಲಿನ ವಾಕ್ಯ ನಿಜವೋ ಸುಳ್ಳೋ ಎಂಬುದಕ್ಕೆ ಮಾತ್ರ ಸಂಬಂಧವಿಲ್ಲ.

ಏಳನೆಯ ಹೆಜ್ಜೆ: ದಿನ, ಜಾಗ, ಸಮಯ

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ಕಳೆದ ಮೇಲಿನ ದಿನ ಹಿಡಿಯಿರಿ. ಕೋಲ, ಮೇಳಗಳು ನಿಂತಿರುತ್ತವೆ, ಜನರಿಗೆ ಪುರುಸೊತ್ತು ಇರುತ್ತದೆ. ತಗಡಿನ ಮಾಡಿನ ಕಟ್ಟಡ ಮಾತ್ರ ಬೇಡ, ಮಳೆ ಬಂದರೆ ಒಂದು ಶಬ್ದವೂ ಕೇಳದು. ಯಾವ ಮತದ ಹಬ್ಬ, ಜಾತ್ರೆ, ಉರೂಸ್, ಉಪವಾಸದ ದಿನಗಳೂ ಅಡ್ಡ ಬಾರದಂತೆ ಮೂರು ಕ್ಯಾಲೆಂಡರ್ ನೋಡಿ. ಮಂದಿರದ ಸಭಾಭವನಕ್ಕಿಂತ ಪಂಚಾಯತಿನ ಗ್ರಂಥಾಲಯವೋ ಶಾಲೆಯೋ ಮೇಲು, ಎಲ್ಲರೂ ಒಳಗೆ ಬರುತ್ತಾರೆ.

ಆರಕ್ಕೆ ಶುರು, ಎಂಟೂವರೆಗೆ ಮುಕ್ತಾಯ. ಪ್ರತಿ ಪಕ್ಷದ ಮಂಡನೆಗೆ ಹದಿನೈದು ನಿಮಿಷ, ಪೂರ್ವಪಕ್ಷ ಹೇಳಲು ಐದು, ಖಂಡನೆಗೆ ಹತ್ತು. ಮಿಕ್ಕದ್ದು ಸಭಿಕರಿಗೆ. ಹೊರಗೆ ಮೈಕು ಕಟ್ಟುವುದಾದರೆ ಪೋಲಿಸರ ಅನುಮತಿ ಬೇ‌ಕು, ರಾತ್ರಿ ಹತ್ತರ ಮೇಲೆ ಕಾನೂನು ಬಿಡುವುದಿಲ್ಲ. ಒಳಗೆ ಮೈಕಿಲ್ಲದೆ ನಡೆಸಿದರೆ ದನಿಯೂ ತಗ್ಗುತ್ತದೆ, ಸಿಟ್ಟೂ ತಗ್ಗುತ್ತದೆ. ಮಂಡನೆ ಕನ್ನಡದಲ್ಲಿರಲಿ, ಪ್ರಶ್ನೆಯನ್ನು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಯಾವುದರಲ್ಲಿ ಕೇಳಿದರೂ ಮಧ್ಯಸ್ಥ ಕನ್ನಡದಲ್ಲಿ ಮತ್ತೊಮ್ಮೆ ಹೇಳಲಿ.

ವಿಡಿಯೋ ಮಾಡಲು ಬಿಡಬೇಡಿ. ಚೀಟಿಯಲ್ಲಿ "ಇಲ್ಲ" ಬಂದ ಭಟ್ರ ಮಾತನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ ಹಂಚಿದರೆ ಅವರು ಊರಿಗೆಲ್ಲ ಉತ್ತರ ಹೇಳಬೇಕಾಗುತ್ತದೆ. ಕಾನೂನಿನ ಕಡೆಯಿಂದ ಹೇಳುವುದಾದರೆ, ವೈಜ್ಞಾನಿಕ ಮನೋಭಾವ ಬೆಳೆಸುವುದು ಸಂವಿಧಾನದ 51ಎ ವಿಧಿಯ ಪ್ರಕಾರ ನಾಗರಿಕನ ಕರ್ತವ್ಯ. ಆದರೆ ಬೇಕೆಂದೇ ದುರುದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆಗೆ ಘಾಸಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಿನಲ್ಲಿ ಅಪರಾಧ. ವಾದಕ್ಕೂ ಅವಮಾನಕ್ಕೂ ನಡುವಿನ ಗೆರೆಯನ್ನು ಮಧ್ಯಸ್ಥ ಆರಂಭದಲ್ಲೇ ಓದಿ ಹೇಳಲಿ.

ಕೊನೆಗೆ ಕೈ ಎತ್ತಿಸಿ ಮತ ಹಾಕಿಸಬೇಡಿ, ಊರಿನಲ್ಲಿ ಯಾರು ಯಾರ ಕಡೆ ಎಂಬುದು ಆಗಲೇ ಎಲ್ಲರಿಗೂ ಗೊತ್ತು. ಬದಲು ಒಂದೊಂದು ಚೀಟಿ ಕೊಟ್ಟು, ನಿಮಗೆ ಒಪ್ಪಿಗೆ ಇಲ್ಲದ ಪಕ್ಷದ ಯಾವ ವಾದ ಎಲ್ಲಕ್ಕಿಂತ ಬಲವಾಗಿ ಕಂಡಿತು ಎಂದು ಹೆಸರಿಲ್ಲದೆ ಬರೆಸಿ. ಮಧ್ಯಸ್ಥ ಅವನ್ನು ಅಲ್ಲೇ ಗಟ್ಟಿಯಾಗಿ ಓದಲಿ. ಖಾಲಿ ಚೀಟಿ ಕೊಟ್ಟವರೆಷ್ಟು ಎಂಬುದನ್ನೂ ಹೇಳಲಿ.

ಎರಡನೆಯ ಸಂಜೆಗೆ "ಕರ್ಮಫಲ ಸಿಗಲು ದೇವರು ಬೇಕೇ?" ಎಂಬುದನ್ನು ಇಟ್ಟುಕೊಳ್ಳಬಹುದು. ಮೀಮಾಂಸಕ, ಜೈನ ಒಂದು ಕಡೆ, ವೇದಾಂತಿ ಇನ್ನೊಂದು ಕಡೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದವರು ಬ್ರಹ್ಮಸೂತ್ರದ ಶಾಂಕರಭಾಷ್ಯವನ್ನು ಕನ್ನಡದಲ್ಲಿ ತಂದಿದ್ದಾರೆ. ಎರಡನೆಯ ಅಧ್ಯಾಯದ ಮೊದಲ ಪಾದ ಇರುವ ಸಂಪುಟವನ್ನು ಗ್ರಂಥಾಲಯಕ್ಕೆ ಈಗಲೇ ತರಿಸಿಟ್ಟರೆ, ಚೀಟಿ ಎತ್ತಿದವರಿಗೆ ಓದಲು ಒಂದು ತಿಂಗಳಾದರೂ ಸಿಗುತ್ತದೆ.